ಅಂಚಿನ ಮೇಲೆ ಎರಡು ಗೀಟು

ಪೇಟೆಯಲ್ಲಿ ನನಗೆ ಭೂತಗನ್ನಡಿ ಎಂದು ಹೆಸರು. ಅದರ ಜೊತೆಗೆ ಅಮ್ಮ ಎಂದು ಸೇರಿಸುವವರು ಮರ್ಯಾದಸ್ಥರು, ಸೇರಿಸದವರು ನನ್ನಿಂದ ಬೈಸಿಕೊಂಡವರು. ಎರಡನೆಯ ಗುಂಪೇ ದೊಡ್ಡದು. ಹಳೆಯ ನಾಣ್ಯ ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಹಾಕಿದ ಮೇಜಿನ ಮುಂದೆ ನಾನು ಕೂರುತ್ತೇನೆ. ಜನ ತಂದ ನಾಣ್ಯದಲ್ಲಿರುವ ಊನ ಟಂಕಸಾಲೆಯಲ್ಲೇ ಆದದ್ದೋ, ಹೊರಗೆ ಬಂದ ಮೇಲೆ ಯಾರೋ ಕೆಡಿಸಿದ್ದೋ ಎಂದು ಹೇಳುವುದಷ್ಟೇ ನನ್ನ ಕೆಲಸ. ಅಚ್ಚೊತ್ತುವಾಗಲೇ ತಪ್ಪಾದ ನಾಣ್ಯಕ್ಕೆ ಸಂಗ್ರಹಿಸುವವರು ಮುಗಿಬೀಳುತ್ತಾರೆ. ಆಮೇಲೆ ಕೆಟ್ಟದ್ದನ್ನು ತರಕಾರಿಯವನೂ ಮೂಗು ಮುರಿಯುತ್ತಲೇ ತೆಗೆದುಕೊಳ್ಳುತ್ತಾನೆ.

ನನ್ನ ಮುಂದೆ ಬರುವುದರಲ್ಲಿ ಮುಕ್ಕಾಲುಪಾಲು ಕೆಟ್ಟದ್ದೇ. ಫೋನಿನಲ್ಲಿ ಯಾವನೋ ಮಾತಾಡಿದ್ದನ್ನು ಕೇಳಿಕೊಂಡು, ಮನೆಯ ಡಬ್ಬಿಗಳನ್ನೆಲ್ಲ ತಡಕಾಡಿ, ಕಪ್ಪಗಾದ ನಾಣ್ಯವೊಂದನ್ನು ಹತ್ತಿಯಲ್ಲಿ ಸುತ್ತಿಕೊಂಡು ಬರುತ್ತಾರೆ. ಬೇರೆ ಲೋಹದಲ್ಲಿ ಅಚ್ಚಾಗಿದೆ ಅನ್ನುತ್ತಾರೆ. ತೂಗಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರುವುದಿಲ್ಲ; ಎಲ್ಲೋ ಒದ್ದೆ ಮಣ್ಣಿನಲ್ಲಿ ಬಿದ್ದು ಬಣ್ಣ ಕೆಟ್ಟಿರುತ್ತದೆ ಅಷ್ಟೇ. ಒಬ್ಬ ಮಹಾನುಭಾವ ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಕಬ್ಬಿಣದ ಇಕ್ಕಳದಲ್ಲಿ ಬಿಗಿದು, ಎರಡು ಸಲ ಅಚ್ಚಾದದ್ದು ಎಂದು ತಂದಿದ್ದ. ಅದರ ಮೇಲೆ ಅಕ್ಷರಗಳು ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡಿದ್ದವು. ಕನ್ನಡಿಯಲ್ಲಿ ಮುಖ ನೋಡಿಕೊಂಡಿದ್ದೀಯೇನಪ್ಪಾ ಎಂದು ಕೇಳಿ ಕಳಿಸಿದೆ. ಯಂತ್ರ ಮನಸ್ಸಿಗೆ ಬಂದ ಹಾಗೆ ತಪ್ಪು ಮಾಡುವುದಿಲ್ಲ. ಅಚ್ಚಿನಡಿಗೆ ಬಂದ ಖಾಲಿ ಬಿಲ್ಲೆ ಸರಿದರೆ ಚಿತ್ರ ಸರಿಯುತ್ತದೆ, ಸರಿದ ಕಡೆ ಅಂಚು ಏಳುವುದಿಲ್ಲ, ಅಂಚಿನ ಹತ್ತಿರದ ಅಕ್ಷರ ಎಳೆದ ಹಾಗೆ ಅಗಲವಾಗುತ್ತದೆ. ಒಂದು ಸುಳ್ಳಾದರೆ ಉಳಿದದ್ದೂ ಸುಳ್ಳೇ. ಇದನ್ನೆಲ್ಲ ಓದಿ ಕಲಿತವಳಲ್ಲ ನಾನು. ಕೆಲಸದಿಂದ ನಿವೃತ್ತಳಾಗುವ ತನಕ ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತಿ ತಯಾರಿಸುವ ಕೋಣೆಯಲ್ಲಿದ್ದೆ. ಅಚ್ಚಿನಮನೆ ಅಂತಿದ್ದೆವು ಅದನ್ನು.

ನನ್ನ ಮೇಜಿನ ಹತ್ತಿರ ಒಂದು ಕಟ್ಟಳೆಯಿದೆ. ನಾಣ್ಯ ಮೊದಲು, ಕಥೆ ಆಮೇಲೆ. ಅಜ್ಜ ಕೊಟ್ಟಿದ್ದು, ಗೋಡೆ ಒಡೆದಾಗ ಸಿಕ್ಕಿದ್ದು ಎಂದು ಮೊದಲೇ ಶುರುಮಾಡಿದರೆ ನಾನು ನಾಣ್ಯ ಮುಟ್ಟುವುದಿಲ್ಲ. ಕಥೆ ಕೇಳಿದ ಕಣ್ಣು ಕಥೆಗೆ ಬೇಕಾದ್ದನ್ನೇ ಹುಡುಕುತ್ತದೆ.

ಆವತ್ತು ಬೆಳಿಗ್ಗೆ ಅಂಗಡಿಯ ಯಜಮಾನರು ಬಂದು, ಒಂದೂ ಮಾತಾಡದೆ ಮಡಿಸಿದ ಬಟ್ಟೆಯನ್ನು ನನ್ನ ಮುಂದಿಟ್ಟರು. ಅವರು ಮಾತಾಡದಿದ್ದರೆ ಏನೋ ದೊಡ್ಡದೇ ಇರುತ್ತದೆ. ಬೆಣ್ಣೆ ಹಚ್ಚುವುದರಲ್ಲಿ ಪಳಗಿದ ಮನುಷ್ಯ. ಹೊಟ್ಟೆಯೂ ಮಾತೂ ಎರಡೂ ಧಾರಾಳ. ಬಟ್ಟೆ ಬಿಡಿಸಿದೆ. ಒಳಗಿದ್ದ ನಾಣ್ಯದ ಮೇಲೆ ಹಡಗಿನ ಒಡಲು ಮಾತ್ರ ಇತ್ತು. ಹಾಯಿ ಇರಬೇಕಾದ ಕಡೆ ನಾಣ್ಯವೇ ಮುಗಿದುಹೋಗಿತ್ತು, ಕೆಳಗೆ ಚಂದ್ರನ ತುಂಡಿನಷ್ಟು ಜಾಗ ಖಾಲಿ ಬಿದ್ದಿತ್ತು.

ಕಂಡೊಡನೆ ಗುರುತು ಸಿಕ್ಕಿತು. ಆ ನಾಣ್ಯವನ್ನು ನಾನು ಎಂದೂ ಕೈಯಲ್ಲಿ ಹಿಡಿದಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಅದನ್ನು ಮರೆತ ದಿನವಿಲ್ಲ.

ನನ್ನ ಕಟ್ಟಳೆ ನನಗೂ ಅನ್ವಯಿಸಬೇಕಲ್ಲ. ಮನಸ್ಸನ್ನು ಹಿಡಿದಿಟ್ಟುಕೊಂಡು ಮಾಮೂಲಿನಂತೆ ಶುರುಮಾಡಿದೆ. ತೂಕ ಸರಿಯಿತ್ತು. ಖಾಲಿ ಜಾಗದ ಬಣ್ಣಕ್ಕೂ ಹಡಗಿನ ಬಣ್ಣಕ್ಕೂ ಭೇದವಿರಲಿಲ್ಲ. ಕೆಳಗಿನ ಅಂಚು ಎದ್ದಿರಲಿಲ್ಲ, ಮೇಲಂಚಿಗೆ ತಾಗಿ ಉಳಿದ ಅಕ್ಷರಗಳು ಹೊರಕ್ಕೆ ಎಳೆದ ಹಾಗಿದ್ದವು. ಹಿಂಬದಿಯಲ್ಲೂ ಚಿತ್ರ ಅಷ್ಟೇ ಸರಿದಿತ್ತು. ಚುಕ್ಕಾಣಿಯ ಪಕ್ಕದಲ್ಲಿ ಯಾವ ಯಂತ್ರದ ಅಚ್ಚು ಎಂದು ತಿಳಿಸುವ ಸಣ್ಣ ಚುಕ್ಕೆಯೂ ಇತ್ತು. ಅಸಲಿ ಎಂದೆ. ಟಂಕಸಾಲೆಯದೇ ತಪ್ಪು, ಎರಡು ಮಾತಿಲ್ಲ.

ಯಜಮಾನರ ಮುಖ ಊರಗಲವಾಯಿತು. ಆಗ ಅವರ ಬಾಯಿ ಬಿಚ್ಚಿಕೊಂಡಿತು. ದೊಡ್ಡ ಸಂಗ್ರಾಹಕರೊಬ್ಬರು ತೀರಿಕೊಂಡಿದ್ದರಂತೆ, ಅವರ ತಮ್ಮನ ಮಗಳು ಪೆಟ್ಟಿಗೆ ಸಮೇತ ತಂದುಕೊಟ್ಟಿದ್ದಳಂತೆ, ಕೊಳ್ಳುವವರು ನಾಳೆಯೇ ಬರುತ್ತಾರಂತೆ. ಒಂದೇ ಒಂದು ಕುಂದು, ಅಂಚಿನಲ್ಲಿ ಏನೋ ತಾಗಿ ಗಾಯವಾಗಿದೆ, ಮಧ್ಯಾಹ್ನ ಪಾಲಿಶ್ ಮಾಡುವವನಿಗೆ ಕೊಟ್ಟು ಉಜ್ಜಿಸಿಬಿಟ್ಟರೆ ಕಾಣುವುದಿಲ್ಲ ಎಂದರು.

ನಾಣ್ಯವನ್ನು ನೆಟ್ಟಗೆ ನಿಲ್ಲಿಸಿ ಅಂಚನ್ನು ಬೆಳಕಿಗೆ ತಿರುಗಿಸಿದೆ. ಕೆಳಗೆ, ಚುಕ್ಕಾಣಿಯ ನೇರಕ್ಕೆ, ಎರಡು ಗೀಟುಗಳಿದ್ದವು. ಅಕ್ಕಪಕ್ಕ, ಒಂದಕ್ಕೊಂದು ತಾಗದಂತೆ.

"ಇದನ್ನ ಮುಟ್ಟಬೇಡಿ," ಎಂದೆ. "ಯಾರಿಗೂ ಕೊಡಬೇಡಿ. ನಮ್ಮ ಅಕ್ಕ ನೋಡೋ ತನಕ ಹೀಗೇ ಇರ್ಲಿ."

ಅವರಿಗೆ ನಾನು ಹೇಳಿದ ಕಥೆಯನ್ನೇ ಇಲ್ಲಿ ಹೇಳುತ್ತೇನೆ. ನನ್ನ ಅಕ್ಕನೂ ಅದೇ ಟಂಕಸಾಲೆಯಲ್ಲಿದ್ದಳು. ಅವಳದು ತಪಾಸಣೆಯ ಮೇಜು. ಪ್ರತಿ ಯಂತ್ರಕ್ಕೂ ಒಬ್ಬೊಬ್ಬ ಹೆಂಗಸು. ಯಂತ್ರದಿಂದ ಬಂದ ನಾಣ್ಯಗಳು ಅವಳ ಮುಂದೆ ಹರಿದುಹೋಗುತ್ತವೆ, ಅವಳು ಕೆಟ್ಟದ್ದನ್ನು ಹೆಕ್ಕಬೇಕು. ಹೆಕ್ಕಿದ ನಾಣ್ಯದ ಅಂಚಿಗೆ ಅರದಿಂದ ಒಂದು ಗೀಟು ಎಳೆದು, ಬೀಗ ಹಾಕಿದ ಪೆಟ್ಟಿಗೆಯ ಕಂಡಿಯಲ್ಲಿ ಹಾಕಬೇಕು. ಅಲ್ಲಿಂದ ಅದು ಕರಗಿಸುವ ಕುಲುಮೆಗೆ ಹೋಗುತ್ತದೆ. ಯಾರು ಎಷ್ಟು ಹಿಡಿದರು ಎಂದು ತಿಳಿಯಲು ಒಬ್ಬೊಬ್ಬರಿಗೂ ಅಂಚಿನಲ್ಲಿ ಒಂದೊಂದು ಜಾಗ ಗೊತ್ತುಮಾಡಿದ್ದರು. ಆ ಜಾಗ ಯಾವುದೆಂದು ಮೇಜಿನವರು ಹೊರಗೆ ಬಾಯಿಬಿಡುವಂತಿರಲಿಲ್ಲ. ನಮ್ಮ ಅಕ್ಕನ ಬಗ್ಗೆ ಏನು ಹೇಳಲಿ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ತಂಗಿಗೂ ಅವಳು ತನ್ನ ಜಾಗ ಯಾವುದೆಂದು ಹೇಳಲಿಲ್ಲ. ನಿಯಮ ಎಂದರೆ ಅವಳಿಗೆ ಪ್ರಾಣ.

ಅವಳ ಕಣ್ಣಿನ ಬಗ್ಗೆ ಇಡೀ ಟಂಕಸಾಲೆಯಲ್ಲಿ ಮಾತಿತ್ತು. ಬೇರೆಯವರು ಎರಡು ಸಲ ನೋಡಬೇಕಾದ್ದನ್ನು ಅವಳು ಹರಿದುಹೋಗುತ್ತಿದ್ದಾಗಲೇ ಹಿಡಿಯುತ್ತಿದ್ದಳು. ಹೀಗಿರುವಾಗ ಒಂದು ದಿನ ಪತ್ರಿಕೆಯಲ್ಲಿ ಹಾಯಿ ಇಲ್ಲದ ಹಡಗಿನ ಚಿತ್ರ ಬಂತು. ಸಂಗ್ರಾಹಕರೊಬ್ಬರ ಕೈಸೇರಿದ ಅಪರೂಪದ ನಾಣ್ಯ ಎಂದು ಹೊಗಳಿದ್ದರು. ಹೊರಗಿನವರಿಗೆ ಅದು ಅಪರೂಪ, ಒಳಗಿನವರಿಗೆ ಮಾನಹಾನಿ. ಚಿತ್ರದಲ್ಲಿದ್ದ ಚುಕ್ಕೆ ಅಕ್ಕನ ಯಂತ್ರದ್ದು. ಮೇಲಿನವರು ಅವಳನ್ನು ಕರೆಸಿ, ಕಣ್ಣು ಎಲ್ಲಿತ್ತು ಎಂದು ಕೇಳಿದರು. ನನ್ನ ಕಣ್ಣು ತಪ್ಪಿಸಿ ಇಂಥದ್ದು ಹೋಗುವುದಿಲ್ಲ, ನಾಣ್ಯ ತರಿಸಿ, ಅಂಚು ನೋಡಿ ಎಂದು ಅವಳು ಅಂಗಲಾಚಿದಳು. ಸಂಗ್ರಾಹಕರು ನಾಣ್ಯ ಕೊಡಲು ಒಪ್ಪಲಿಲ್ಲ, ಚಿತ್ರದಲ್ಲಿ ಅಂಚು ಕಾಣುತ್ತಿರಲಿಲ್ಲ, ಮೇಲಿನವರಿಗೆ ಯಾರ ತಲೆಗಾದರೂ ಕಟ್ಟಿ ಕೈತೊಳೆದುಕೊಳ್ಳುವ ಅವಸರವಿತ್ತು. ಅಕ್ಕನನ್ನು ಮೇಜಿನಿಂದ ಎಬ್ಬಿಸಿ, ಚೀಲಗಳ ಬಾಯಿ ಕಟ್ಟುವ ಕೋಣೆಗೆ ಹಾಕಿದರು. ನಿವೃತ್ತಳಾಗುವ ತನಕ ಅಲ್ಲೇ ಇದ್ದಳು.

ಮೇಜಿನ ಕೆಲಸ ಹೋದದ್ದಲ್ಲ ನನ್ನ ಹೊಟ್ಟೆ ಉರಿಸಿದ್ದು. ಮೊದಮೊದಲು ಅಂಚು ನೋಡಿ, ಅಂಚು ನೋಡಿ ಎನ್ನುತ್ತಿದ್ದವಳು ಬರಬರುತ್ತಾ ಸುಮ್ಮನಾದಳು. ಬೀಗದ ಪೆಟ್ಟಿಗೆಗೆ ಬಿದ್ದ ನಾಣ್ಯ ಹೊರಗೆ ಹೋಗುವುದುಂಟೇ, ಹಾಗಾದರೆ ನಾನೇ ಬಿಟ್ಟಿರಬೇಕು ಎಂದು ಅವಳಿಗೇ ಅನ್ನಿಸತೊಡಗಿತು. ಅಲ್ಲಿಂದ ಮುಂದೆ ಅವಳು ತನ್ನ ಕಣ್ಣನ್ನು ತಾನು ನಂಬಲಿಲ್ಲ. ಬೇಳೆ ಆರಿಸಿದರೆ ನೀನೊಂದ್ಸಲ ನೋಡಿಬಿಡು ಎಂದು ನನ್ನ ಮುಂದಿಡುತ್ತಾಳೆ. ಗುಂಡಿ ಹೊಲಿದರೆ ದಾರದ ಬಣ್ಣ ನಾನು ನೋಡಬೇಕು, ಬೀದಿ ದಾಟುವಾಗ ಗಾಡಿ ಬರುತ್ತಿಲ್ಲ ಎಂದು ನಾನು ಹೇಳಬೇಕು. ಚಿಲ್ಲರೆ ಕೊಡಬೇಕಾದಾಗ ಅಂಗೈ ಚಾಚಿ, ನೀವೇ ತೊಗೊಳ್ಳಿ ಎಂದು ಬೇರೆ ಕಡೆ ನೋಡುತ್ತಾಳೆ. ನನಗೆ ರೇಗುತ್ತದೆ. ರೇಗಿದ ಮೇಲೆ ಪಾಪ ಅನ್ನಿಸುತ್ತದೆ, ಪಾಪ ಅನ್ನಿಸಿದ್ದಕ್ಕೆ ಇನ್ನೊಮ್ಮೆ ರೇಗುತ್ತದೆ. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ಎಲ್ಲಿಗೆ ಹೋಗುವುದು?

ಯಜಮಾನರು ಗಲ್ಲಕ್ಕೆ ಕೈಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಹಾಗಾದರೆ ಒಳ್ಳೆಯದೇ ಆಯಿತಲ್ಲ, ಈಗಲೇ ಹೋಗಿ ಸಿಹಿಸುದ್ದಿ ಹೇಳಿಬಿಡಿ ಎಂದರು. ಅಷ್ಟು ಸಲೀಸಾಗಿದ್ದರೆ ನಾನು ಅಲ್ಲೇಕೆ ಕೂತಿರುತ್ತಿದ್ದೆ? ಅಂಚಿನಲ್ಲಿ ಅರದ ಗುರುತು ಬೀಳುವುದಕ್ಕೆ ತಪಾಸಣೆಯ ಮೇಜೊಂದೇ ದಾರಿಯಲ್ಲ. ಒಳಗಿನ ಲೋಹ ಯಾವುದೆಂದು ನೋಡಲು ಅಕ್ಕಸಾಲಿಗರೂ ಅಂಚನ್ನು ಹೀಗೇ ಉಜ್ಜುತ್ತಾರೆ. ಸಾಲದ್ದಕ್ಕೆ ಮೇಜಿನವರು ಎಳೆಯುತ್ತಿದ್ದದ್ದು ಒಂದು ಗೀಟು, ಇಲ್ಲಿ ಎರಡಿದ್ದವು. ಯಂತ್ರದ ತಪ್ಪನ್ನು ನಾನು ಕಣ್ಣುಮುಚ್ಚಿ ಹೇಳಬಲ್ಲೆ. ಈ ಗೀಟು ಗುರುತೋ ಗಾಯವೋ ಎಂದು ಹೇಳಬಲ್ಲವಳು ಒಬ್ಬಳೇ, ಅವಳು ನಾಣ್ಯದ ಮುಖ ನೋಡುವುದನ್ನೇ ಬಿಟ್ಟಿದ್ದಳು.

ಅದು ಅವಳ ಗೀಟಾಗದಿದ್ದರೆ? ಇಷ್ಟು ವರ್ಷ ಅವಳಿಗೆ ಸಂಶಯವಾದರೂ ಇತ್ತು. ಅಸಲಿ ನಾಣ್ಯ, ಅವಳದೇ ಯಂತ್ರದ್ದು, ಅಂಚಿನಲ್ಲಿ ಅವಳ ಗುರುತಿಲ್ಲ ಎಂದಾದರೆ ಸಂಶಯವೂ ಹೋಗಿ ತಪ್ಪೊಂದೇ ಉಳಿಯುತ್ತದೆ. ಆ ತೀರ್ಪನ್ನು ನಾನೇ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದ ಹಾಗಾಗುತ್ತದೆ. ಸುಮ್ಮನಿದ್ದುಬಿಡೋಣವೇ ಎಂದೂ ಅನ್ನಿಸಿತು. ಆದರೆ ನಾಳೆ ಆ ನಾಣ್ಯ ಯಾರದೋ ಬೀರುವಿಗೆ ಹೋಗಿಬಿಡುತ್ತದೆ. ಮತ್ತೆ ಸಿಗುವಷ್ಟು ಆಯುಸ್ಸು ನಮ್ಮಿಬ್ಬರಿಗೂ ಇಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ನಾಣ್ಯವನ್ನು ನನ್ನೊಬ್ಬಳ ಕೈಗೆ ಕೊಡಲು ಯಜಮಾನರಿಗೆ ಮನಸ್ಸು ಬರಲಿಲ್ಲ. ಅಂಗಡಿಗೆ ಬೀಗ ಜಡಿದು ತಾವೂ ಹೊರಟರು. ದಾರಿಯುದ್ದಕ್ಕೂ ಒಂದು ಕೈ ಜೇಬಿನ ಮೇಲೇ ಇತ್ತು. ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಾ, ಅದು ಅಕ್ಕನದೇ ಗೀಟು ಎಂದು ನೀವೇ ಹೇಳಿಬಿಟ್ಟರೆ ಆಯಿತಲ್ಲ, ಯಾರು ಕೇಳುತ್ತಾರೆ ಎಂದು ಪಿಸುಗುಟ್ಟಿದರು. ಮನುಷ್ಯ ಕೆಟ್ಟವರಲ್ಲ. ಆದರೆ ಎಲ್ಲದಕ್ಕೂ ನನ್ನ ಮಾತಿನ ಮೇಲೆ ನಿಂತು ನಿಂತೇ ಅಲ್ಲವೇ ಅವಳು ಹಾಗಾಗಿದ್ದು.

ಅಕ್ಕ ಕಿಟಕಿಯ ಹತ್ತಿರ ಕೂತು ದಿಂಬಿನ ಹೊದಿಕೆಗೆ ಹೊಲಿಗೆ ಹಾಕುತ್ತಿದ್ದಳು. ಯಜಮಾನರನ್ನು ಕಂಡು ಕುರ್ಚಿ ತೋರಿಸಿದಳು, ಕುಡಿಯಲು ನೀರು ತಂದಳು. ನಾನು ಬಟ್ಟೆ ಬಿಡಿಸಿ ನಾಣ್ಯವನ್ನು ಕಿಟಕಿಯ ಹಲಗೆಯ ಮೇಲಿಟ್ಟೆ. ಒಂದೇ ನೋಟಕ್ಕೆ ಅವಳಿಗೆ ಗೊತ್ತಾಯಿತು. ಸೂಜಿ ಚುಚ್ಚಿಟ್ಟು ಹೊದಿಕೆಯನ್ನು ಮಡಿಸತೊಡಗಿದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಇದನ್ಯಾಕೆ ತಂದೆ?"

"ನೋಡು ಅಂತ."

"ನೀನು ನೋಡಿದ್ಯಲ್ಲ. ಸಾಕು ಬಿಡು."

ಅಸಲಿ ಹೌದೋ ಅಲ್ಲವೋ ನಾನು ನೋಡಿಯಾಗಿದೆ, ಉಳಿದದ್ದು ನನಗೆ ಗೊತ್ತಾಗುವುದಿಲ್ಲ ಎಂದೆ. ಅವಳು ತಲೆಯೆತ್ತಲಿಲ್ಲ. ತನ್ನ ಕೈಲಾಗುವುದಿಲ್ಲ, ಕಣ್ಣು ಮಂಜು, ಹಳೆಯದನ್ನು ಕೆದಕುವುದೇಕೆ ಎಂದೆಲ್ಲ ಮೆತ್ತಗೆ ಹೇಳಿದಳು. ನನಗೆ ಎಂದಿನಂತೆ ರೇಗಿತು. ಬೇಡವೆಂದರೆ ಬೇಡ ಬಿಡು, ಯಜಮಾನರು ವಾಪಸು ಒಯ್ದು ಮಧ್ಯಾಹ್ನ ಅಂಚು ಉಜ್ಜಿಸಿಬಿಡುತ್ತಾರೆ ಎಂದುಬಿಟ್ಟೆ.

ಅವಳ ಕೈ ನಿಂತಿತು. "ಅಂಚಲ್ಲಿ ಏನಿದೆ?"

ನಾನು ನಾಣ್ಯವನ್ನು ಅವಳ ಕಡೆ ಸರಿಸಿದೆ. ಯಜಮಾನರು ಏನೋ ಹೇಳಲು ಬಾಯ್ತೆರೆದರು. ನನ್ನ ಮುಖ ನೋಡಿ ನೀರು ಕುಡಿದರು.

ಅಕ್ಕ ಕೈ ಒರೆಸಿಕೊಂಡು ನಾಣ್ಯವನ್ನು ಎತ್ತಿಕೊಂಡಳು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಮುಖಕ್ಕೆ ಬೆರಳು ತಾಗದ ಹಾಗೆ. ಮೇಜಿನವರು ಹಿಡಿಯುವುದೇ ಹಾಗೆ, ಎಷ್ಟು ವರ್ಷವಾದರೂ ಕೈ ಅದನ್ನು ಬಿಟ್ಟಿರಲಿಲ್ಲ. ಬೆಳಕಿಗೆ ಓರೆಮಾಡಿ ನಿಧಾನವಾಗಿ ತಿರುಗಿಸಿದಳು. ಕೆಳಗೆ ಬಂದಾಗ ಬೆರಳು ನಿಂತಿತು. ಉಗುರಿನಿಂದ ಒಂದು ಸಲ ಸವರಿದಳು. ಕುರ್ಚಿ ಸರಿಸಿಕೊಂಡು ಕಿಟಕಿಗೆ ಇನ್ನೂ ಹತ್ತಿರ ಹೋದಳು. ನಾನು ತರಬಾರದಿತ್ತು, ತರಬಾರದಿತ್ತು ಎಂದು ಒಳಗೇ ಹಲುಬುತ್ತಿದ್ದೆ.

"ಎಲ್ಲರೂ ಒಂದು ಗೀಟು ಹಾಕೋರು," ಎಂದಳು ಅಕ್ಕ, ನಾಣ್ಯದಿಂದ ಕಣ್ಣು ತೆಗೆಯದೆ. "ಕುಲುಮೆ ಹತ್ರ ಬೆಳಕು ಕಮ್ಮಿ. ಒಂದು ಕಾಣದೆ ಹೋದ್ರೆ ಅಂತ ನಾನು ಎರಡು ಹಾಕ್ತಿದ್ದೆ. ಚುಕ್ಕಾಣಿ ಕೆಳಗೆ, ಅದೇ ನನ್ನ ಜಾಗ."

ನಾನು ಅವಳ ಭುಜದ ಮೇಲಿಂದ ಬಗ್ಗಿದೆ.

"ಎಡಕ್ಕೆ ವಾಲಿದೆ ನೋಡು. ನಾನು ಎಡಗೈಯವಳು, ಅರ ಹೀಗೇ ಬರೋದು." ಗಾಳಿಯಲ್ಲಿ ಎಡಗೈ ಆಡಿಸಿ ತೋರಿಸಿದಳು. ಆಮೇಲೆ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು, "ಹಿಡಿದಿದ್ದೆ ಕಣೇ. ನಾನು ಹಿಡಿದಿದ್ದೆ."

ನಾನು ಅತ್ತುಬಿಟ್ಟೆ. ಅಳುವುದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಯಜಮಾನರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ಬಹಳ ಆಸ್ಥೆಯಿಂದ ನೋಡತೊಡಗಿದರು. ಅಕ್ಕ ಮಾತ್ರ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. ಅವಳ ಮುಖದಲ್ಲಿ ಸಿಟ್ಟು ನೋಡಿ ಯಾವ ಕಾಲವಾಗಿತ್ತೋ.

"ಅವರು ನಂಬಲಿಲ್ಲ, ಹೋಗ್ಲಿ ಬಿಡು. ಅವರೇನು ನನ್ನ ಹೊಟ್ಟೇಲಿ ಹುಟ್ಟಿದವರಾ? ನಾನೇ ನಂಬಲಿಲ್ವಲ್ಲ. ನನ್ನ ಕಣ್ಣು ನನಗೆ ನಿಜ ಹೇಳಿತ್ತು, ನಾನೇ ಅದರ ಬಾಯಿ ಮುಚ್ಚಿಸಿದೆ."

ಕುಲುಮೆಗೆ ಹೋಗಬೇಕಾದ ನಾಣ್ಯವನ್ನು ಬೀಗ ತೆಗೆದು ಯಾರೋ ಹೊರಗೆ ಸಾಗಿಸಿದ್ದಾರೆ. ಬೀಗದ ಕೈ ಇದ್ದವರ ಮುಖಗಳನ್ನು ನಾನು ಒಂದೊಂದಾಗಿ ನೆನಪಿಗೆ ತಂದುಕೊಂಡೆ. ಒಬ್ಬರೂ ಈಗ ಬದುಕಿಲ್ಲ. ಇದ್ದಿದ್ದರೆ ಅವರ ಮನೆ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿ ಬರುತ್ತಿದ್ದೆ. ಯಜಮಾನರಿಗೂ ಬಿಸಿ ಏರಿತ್ತು. ಪತ್ರಿಕೆಯವರನ್ನು ಕರೆಸೋಣ, ಆವತ್ತು ಚಿತ್ರ ಹಾಕಿದವರು ಇವತ್ತು ಅಂಚನ್ನೂ ಹಾಕಲಿ ಎಂದರು. ಅಕ್ಕ ಅವರ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ, ನಾಣ್ಯವನ್ನಂತೂ ಕೆಳಗಿಟ್ಟಿರಲಿಲ್ಲ. ನನ್ನ ಕಡೆ ಕೈ ಚಾಚಿ, ಭೂತಗನ್ನಡಿ ಕೊಡು ಎಂದಳು.

ಕೊಟ್ಟೆ. ಅವಳು ಅದನ್ನು ಕಣ್ಣಿಗೆ ಹಿಡಿದು ಹಡಗಿನ ತಳವನ್ನು ನೋಡಿದಳು, ಅಲೆಗಳನ್ನು ನೋಡಿದಳು, ಮತ್ತೆ ತಳಕ್ಕೆ ಬಂದಳು. ಬಹಳ ಹೊತ್ತು ನೋಡಿದಳು. ಅವಳ ತುಟಿಯ ತುದಿ ಒಂದಿಷ್ಟು ಮೇಲೆದ್ದಿತು.

"ಅಲೆ ನಡುವೆ ಒಂದು ಗೆರೆ ಇದೆ. ನೋಡಿದ್ಯಾ?"

ನೋಡಿದ್ದೆ, ಅದು ಗೀರು ಎಂದೆ. ಹಳೆಯ ನಾಣ್ಯ, ಎಲ್ಲೋ ತಾಗಿರಬೇಕು.

"ಗೀರು ತಗ್ಗಿರುತ್ತೆ. ಇದು ಎದ್ದಿದೆ. ಉಗುರು ಆಡಿಸು."

ಆಡಿಸಿದೆ. ಉಗುರು ಗೆರೆಯೊಳಕ್ಕೆ ಇಳಿಯಲಿಲ್ಲ, ಗೆರೆಗೆ ತಡೆದು ನಿಂತಿತು. ಅಚ್ಚಿನಲ್ಲಿ ಕೂದಲೆಳೆಯ ಬಿರುಕಿದ್ದರೆ ಲೋಹ ಅದರೊಳಕ್ಕೆ ನುಗ್ಗಿ ನಾಣ್ಯದ ಮೇಲೆ ಉಬ್ಬುತ್ತದೆ. ಇದನ್ನು ಪೇಟೆಯವರಿಗೆಲ್ಲ ಗದರಿಕೊಂಡು ಪಾಠ ಹೇಳುವವಳು ನಾನು. ಅಲೆಗಳ ಗೆರೆಯ ನಡುವೆ ಅದು ಮರೆಯಾಗಿತ್ತು ಎಂದು ನೆಪ ಹೇಳಬಹುದು. ಆದರೆ ಅಕ್ಕನಿಗೆ ಮರೆಯಾಗಿರಲಿಲ್ಲವಲ್ಲ.

"ಒಡೆದ ಅಚ್ಚು ಯಂತ್ರಕ್ಕೆ ಕಳಿಸಿದ್ದಾರೆ ನಿಮ್ಮ ಅಚ್ಚಿನಮನೆಯವರು," ಎಂದಳು ಅಕ್ಕ. "ಅವರನ್ನ ಯಾರೂ ಚೀಲ ಕಟ್ಟೋಕೆ ಕಳಿಸ್ಲಿಲ್ಲ ನೋಡು."

ಹೇಳಿ ನಕ್ಕಳು. ತಡೆದು ತಡೆದು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಬೇರೆ ಯಾರಾದರೂ ನನ್ನ ತಪ್ಪನ್ನು ಹೀಗೆ ಎತ್ತಿ ಆಡಿದ್ದರೆ ಜಗಳವೇ ಆಗುತ್ತಿತ್ತು. ನನಗೆ ಹಿಂದೆಂದೂ ಅಷ್ಟು ಸಂತೋಷವಾದ ನೆನಪೇ ಇಲ್ಲ.

ಯಜಮಾನರು ಜೇಬಿನಿಂದ ಸಣ್ಣ ಚೀಟಿಯೊಂದನ್ನು ತೆಗೆದರು. ಮಾರುವ ನಾಣ್ಯದ ಜೊತೆ ಅದು ಎಂಥದ್ದೆಂದು ಬರೆದಿಡುವುದು ಅವರ ಪದ್ಧತಿ. ಇನ್ನು ಅಂಚು ಉಜ್ಜಿಸುವುದಿಲ್ಲ, ಚೀಟಿಯಲ್ಲಿ ಏನೆಂದು ಬರೆಯಲಿ ಎಂದು ಕೇಳಿದರು. ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು.

"ಬರ್ಕೊಳ್ಳಿ. ಬಿಲ್ಲೆ ಸರಿದು ಅಚ್ಚಾಗಿದ್ದು. ಅಚ್ಚಲ್ಲಿ ಬಿರುಕು. ಅಂಚಿನ ಗೀಟು ಗಾಯ ಅಲ್ಲ, ತಪಾಸಣೆ ಮೇಜಲ್ಲಿ ಹಿಡಿದ ಗುರುತು."

ಅವರು ಪೆನ್ನು ತೆರೆದು, ಹೌದಾ ಎನ್ನುವಂತೆ ನನ್ನ ಮುಖ ನೋಡಿದರು.

"ನನ್ನನ್ನೇನು ನೋಡ್ತೀರಿ?" ಎಂದೆ. "ಅಕ್ಕ ನೋಡಿ ಆಯ್ತಲ್ಲ. ಬರೀರಿ."